ಪಾವು, ಪಾವ್ ಮತ್ತು ಒಂದು ಸೌತೆಕಾಯಿ

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಯಲ್ಲಿ ಅಡುಗೆಮನೆ ಕಿಟಕಿಯ ಗ್ರಿಲ್ಲಿಗೆ ಯಾವಾಗಲೂ ಒಂದು ಮಂಗಳೂರು ಸೌತೆ ನೇತಾಡುತ್ತಿರುತ್ತದೆ. ಊರಲ್ಲಾದರೆ ಬಾಳೆನಾರಿನಿಂದ ಕಟ್ಟಿ ಜಂತಿಗೆ ಸಾಲಾಗಿ ತೂಗುಹಾಕುತ್ತಿದ್ದರು, ತಿಂಗಳುಗಟ್ಟಲೆ ಕೆಡುತ್ತಿರಲಿಲ್ಲ. ಇಲ್ಲಿ ಜಂತಿ ಎಲ್ಲಿಂದ ಬರಬೇಕು? ಮಿಠಾಯಿ ಡಬ್ಬಿಗೆ ಸುತ್ತಿ ಬಂದ ಸುತಳಿಯೇ ಗತಿ. ದೃಷ್ಟಿಗೆ ಕಟ್ಟಿದ್ದೀರಾ ಎಂದು ಕೆಳಗಿನ ವಾಚ್‌ಮನ್ ಒಮ್ಮೆ ಕೇಳಿದ್ದ.

ಹೆಂಡತಿ ಮಗಳ ಬಾಣಂತನಕ್ಕೆ ಪುಣೆಗೆ ಹೋಗಿ ಎರಡು ವಾರವಾಗಿತ್ತು. ಮನೆಯಲ್ಲಿ ತೆಂಗಿನಕಾಯಿ ಮುಗಿದಿತ್ತು, ಹುಣಸೆಹಣ್ಣೂ ಮುಗಿದಿತ್ತು. ಭಾನುವಾರ ಮಾಟುಂಗಾ ಮಾರ್ಕೆಟ್ಟಿಗೆ ಹೋಗಿ ಎಲ್ಲ ತರೋಣ, ಹಾಗೇ 1942ರಿಂದ ಉಣಬಡಿಸುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಊಟ ಮುಗಿಸಿದರೆ ಒಂದು ಹೊತ್ತಿನ ಒಲೆಯೂ ಉಳಿಯಿತು ಎಂದು ಲೆಕ್ಕ ಹಾಕಿದ್ದೆ. ನೋಡಿದರೆ ಮಾಟುಂಗಾ–ಮುಲುಂಡ್ ನಡುವೆ ಮೆಗಾ ಬ್ಲಾಕ್, ಅಂದರೆ ಹಳಿ ದುರಸ್ತಿಗೆಂದು ಲೋಕಲ್ ಗಾಡಿಗಳಿಗೆ ತಡೆ. ಚೀಲ ಮತ್ತೆ ಗೂಟಕ್ಕೆ.

ಅಷ್ಟರಲ್ಲಿ ಫೋನು. "ಕಲ್ಯಾಣದಿಂದ ಬರ್ತಾ ಇದ್ದೇವೆ, ಗಾಡಿಗಳೆಲ್ಲ ತಡ. ನಿನ್ನಲ್ಲೇ ಇಳೀತೇವೆ ಮಾರಾಯ, ಒಂದು ಚಾ ಮಾಡಿಡು." ಮಧ್ಯಾಹ್ನ ಹನ್ನೆರಡೂವರೆಗೆ ಚಾ ಎಂದರೆ ಏನರ್ಥವೆಂದು ನನಗೆ ಗೊತ್ತಿಲ್ಲವೇ? ನಾಲ್ವರೂ ನಮ್ಮ ಹಳೆಯ ಟ್ರೇನ್ ಗ್ರೂಪಿನವರು. ಮೂವರ ಸೀಟಿನಲ್ಲಿ ನಾಲ್ಕನೆಯವರಾಗಿ, ಅರ್ಧ ತೊಡೆ ಊರಿ, ಇನ್ನರ್ಧ ಗಾಳಿಯಲ್ಲಿಟ್ಟು ಇಪ್ಪತ್ತು ವರ್ಷ ನೌಕರಿಗೆ ಹೋಗಿಬಂದವರು. ಅವರಿಗೆ ಜಾಗ ಸಾಲದು ಎಂದು ಹೇಳುವ ಬಾಯಿ ನನಗಿಲ್ಲ.

ಸುತಳಿ ಬಿಚ್ಚಿದೆ. ಮಂಗಳೂರು ಸೌತೆಯನ್ನು ಕತ್ತರಿಸುವಾಗ ಮೊದಲು ತುದಿಯ ಚೂರೊಂದನ್ನು ಬಾಯಿಗಿಟ್ಟು ನೋಡಬೇಕು. ಕಹಿ ಬಂತೋ, ಇಡೀ ಕಾಯಿ ಕಸದ ಬುಟ್ಟಿಗೆ. ದೇವರು ದೊಡ್ಡವನು, ಕಹಿ ಇರಲಿಲ್ಲ. ಹೋಳು ಹುಳಿಗೆ. ತಿರುಳು, ಬೀಜವನ್ನು ಮಿಕ್ಸಿಗೆ ಹಾಕಿ ಸೋಸಿ, ಹಸಿಮೆಣಸು ಸೀಳಿ ಕುದಿಸಿದರೆ ಸಾರು. ಸಿಪ್ಪೆಯನ್ನು ಎಣ್ಣೆಯಲ್ಲಿ ಬಾಡಿಸಿ, ಹುರಿದ ಉದ್ದಿನಬೇಳೆ ಜತೆ ರುಬ್ಬಿದರೆ ಚಟ್ನಿ. ಒಂದೇ ಕಾಯಿಯಲ್ಲಿ ಮೂರು ಪದಾರ್ಥ! ಬಡತನ ಕಲಿಸಿದ ವಿದ್ಯೆಯನ್ನು ನಮ್ಮ ಅಮ್ಮ ರುಚಿಯ ಹೆಸರಲ್ಲಿ ದಾಟಿಸಿಬಿಟ್ಟಿದ್ದಳು.

ಹುಳಿಗೆ ಹುಳಿಯೇ ಇರಲಿಲ್ಲ. ಪಕ್ಕದ ಮನೆಯ ವಹಿನಿಯ, ಅಂದರೆ ಮರಾಠಿ ಅತ್ತಿಗೆಯ, ಬಾಗಿಲು ತಟ್ಟಿದೆ. ಅವರು ಸ್ಟೀಲ್ ಡಬ್ಬಿಯಲ್ಲಿ ನಾಲ್ಕು ಆಮಸೂಲ ಹಾಕಿ, "ಭಾವೋಜಿ, ಇದೂ ಇರಲಿ" ಎಂದು ಒಂದು ಚಮಚ ಮರಾಠಿ ಅಡುಗೆಯ ಗೋಡಾ ಮಸಾಲೆಯನ್ನೂ ಪೊಟ್ಟಣ ಕಟ್ಟಿ ಇಟ್ಟುಕೊಟ್ಟರು. ಆಮಸೂಲವೆಂದರೆ ನಮ್ಮ ಪುನರ್ಪುಳಿಯ ಒಣಸಿಪ್ಪೆಯೇ, ಹಾಗಾಗಿ ಅದು ನೆಂಟನೇ. ಗೋಡಾ ಮಸಾಲೆ ಮಾತ್ರ ಉಡುಪಿ ಹುಳಿಗೆ ಹೊಸ ಸೊಸೆ. ಕಣ್ಣುಮುಚ್ಚಿ ಹಾಕಿದೆ.

ತೆಂಗಿಲ್ಲದ ಹುಳಿಗೆ ನಮ್ಮ ಕಡೆ ಬೋಳುಹುಳಿ ಎನ್ನುತ್ತಾರೆ. ಬಿಜಾಪುರದ ಗೆಳೆಯನಿಗೆ ಆ ಬೋಳುತನ ಸಹಿಸಲಿಲ್ಲ. "ಏನೋ ಇದು, ನೀರ್ ನೀರ್ ಆಗೇತಲ್ಲೋ!" ಎಂದವನೇ ಚೀಲದಿಂದ ಶೇಂಗಾ ಚಟ್ನಿಪುಡಿ ತೆಗೆದು, ನಾನು ತಡೆಯುವ ಮೊದಲೇ ಪಾತ್ರೆಗೆ ಸುರಿದ. ಕಾರ್ಕಳದವನು ಮಗು ಬಾವಿಗೆ ಬಿದ್ದಂತೆ ಕೂಗಿದ. ಚಟ್ನಿಪುಡಿಯಲ್ಲಿ ಬೆಳ್ಳುಳ್ಳಿಯೂ ಇತ್ತೆನ್ನಿ.

ಅಕ್ಕಿ ಇದ್ದದ್ದು ಒಂದೇ ಪಾವು. ಐದು ಜನಕ್ಕೆ ಅದೆಲ್ಲಿ ಸಾಕು? ಒಬ್ಬ ಕೆಳಗಿಳಿದು ಬೇಕರಿಯಿಂದ ಎರಡು ಲಾಡಿ ಪಾವ್ ತಂದ. ನಮ್ಮ ಪಾವು ಅಳತೆ, ಇಲ್ಲಿಯವರ ಪಾವ್ ಪೋರ್ಚುಗೀಸರ ರೊಟ್ಟಿ. ಬಟಾಟೆಗೂ ಅವರದ್ದೇ ಹೆಸರು. ಕೊಟ್ಟವರು ಹೋದರು, ಕೊಟ್ಟದ್ದನ್ನು ನಾವು ಹುಳಿಯಲ್ಲಿ ಅದ್ದಿಕೊಂಡು ಕೂತೆವು.

ಹಾಲ್‌ನ ನೆಲದಲ್ಲಿ ಪೇಪರ್ ಹಾಸಿ ಉಂಡೆವು. ಯಾರೂ ಮಾತಾಡಲಿಲ್ಲ, ಅದೇ ಭಯ. ಆಮೇಲೆ ಕಾರ್ಕಳದವನು ತಲೆಯೆತ್ತದೆ "ಇನ್ನೊಂದು ಸೌಟು" ಎಂದ. ಮೂರನೇ ಸಲ ಕೇಳಿದಾಗ ಬಿಜಾಪುರದವನು ನನ್ನತ್ತ ನೋಡಿ ಕಣ್ಣು ಹೊಡೆದ. ಇದಕ್ಕೇನು ಹೆಸರು ಎಂದು ಜಗಳ ಶುರುವಾಯಿತು. ಮರಾಠಿಗರ ಆಮಟಿಯಲ್ಲ, ಹುಳಿಯಲ್ಲ, ಸಾಂಬಾರಂತೂ ಅಲ್ಲವೇ ಅಲ್ಲ. ಕೊನೆಗೆ "ಮೆಗಾ ಬ್ಲಾಕ್" ಎಂದು ನಾಮಕರಣವಾಯಿತು. ಇಂಥದ್ದಕ್ಕೆ ರೆಸಿಪಿ ಬರೆದಿಡುವುದು ವ್ಯರ್ಥ. ಮರುದಿನವೇ ಮಾಡಲು ಹೋದರೆ ಮನೆಯಲ್ಲಿ ಎಲ್ಲವೂ ಇರುತ್ತದೆ, ಅಲ್ಲೇ ಕೆಡುತ್ತದೆ.

ಹೋಗುವ ಮುನ್ನ ಅವರೇ ಪಾತ್ರೆ ತೊಳೆದಿಟ್ಟರು. ನಾನು ವಹಿನಿಯ ಡಬ್ಬಿಗೆ ಮೆಗಾ ಬ್ಲಾಕ್ ತುಂಬಿಸಿ ಕೊಟ್ಟುಬಂದೆ. ಸಂಜೆ ಅದೇ ಡಬ್ಬಿ ಸಾಬೂದಾನಾ ಖಿಚಡಿ ಹೊತ್ತು ವಾಪಸ್ ಬಂತು. ಈಗ ಅದು ತೊಳೆದು ಒಣಗಿ ಕಟ್ಟೆಯ ಮೇಲೆ ಕೂತಿದೆ. ಖಾಲಿ ಕಳಿಸುವಂತಿಲ್ಲ. ಫ್ರಿಜ್ಜಿನಲ್ಲಿರುವುದು ಅರ್ಧ ಹಾಗಲಕಾಯಿ.