ಬ್ಯಾಂಕಿನ ಪಂಚಾಂಗ

ಮೇ ತಿಂಗಳ ಬಿಸಿಲಿಗೆ ನಮ್ಮ ಮನೆಯ ಹಳೇ ಫ್ರಿಜ್ಜು ಕೈಕೊಟ್ಟಿತು. ಬೆಳಗ್ಗೆ ಬಾಗಿಲು ತೆಗೆದರೆ ದೋಸೆ ಹಿಟ್ಟು ಪಾತ್ರೆ ಬಿಟ್ಟು ಕೆಳಗಿನ ಸೊಪ್ಪಿನ ಬುಟ್ಟಿಗೆ ಇಳಿದಿತ್ತು. ರಿಪೇರಿಯವನು ಹಿಂದೆ ಬಗ್ಗಿ ನೋಡಿ, "ಕಂಪ್ರೆಸರ್ ಹೋಗಿದೆ" ಅಂದ. ನೋಡಿದ್ದಕ್ಕೆ 350 ರೂಪಾಯಿ ತಗೊಂಡು ಅವನೂ ಹೋದ.

ಹೊಸ ಫ್ರಿಜ್ಜಿಗೆ 33,500 ಅಂದರು. ನನ್ನ ಚೀಟಿ ದುಡ್ಡು ಬರುವುದು ಜೂನ್ 20ಕ್ಕೆ. ನಡುವಿನ ಐದು ವಾರ ಹೇಗೋ ದಾಟಿಸಬೇಕು, ಅಷ್ಟೇ. ಅದಕ್ಕೇನೂ ಚಿಂತೆ ಇರಲಿಲ್ಲ. ನನ್ನ ಪರ್ಸಿನಲ್ಲಿ 50 ದಿನ ಬಡ್ಡಿ ಇಲ್ಲದ ಕ್ರೆಡಿಟ್ ಕಾರ್ಡ್ ಇತ್ತು.

ಆ ಕಾರ್ಡನ್ನು ನಾನು ಎಷ್ಟು ಯೋಚಿಸಿ ಆರಿಸಿದ್ದೆ ಅಂತ ಹೇಳಿಬಿಡುತ್ತೇನೆ. ಮೂರು ಕಾರ್ಡುಗಳ ಕಾಗದ ಮುಂದೆ ಹರಡಿಕೊಂಡಿದ್ದೆ. ವರ್ಷಕ್ಕೆ ನಾಲ್ಕು ಸಲ ಏರ್‌ಪೋರ್ಟ್ ಲೌಂಜಿನಲ್ಲಿ ಪುಕ್ಕಟೆ ತಿಂಡಿ ಅಂತ ಯಾವುದರಲ್ಲಿ ಇತ್ತೋ ಅದನ್ನೇ ತಗೊಂಡೆ. ನಾನು ವರ್ಷಕ್ಕೆ ನಾಲ್ಕು ಸಲ ಹೋಗುವುದು ತೀರ್ಥಹಳ್ಳಿಗೆ, ಕೆಂಪು ಬಸ್ಸಿನಲ್ಲಿ. ಅದೇ ಕಾಗದದಲ್ಲಿ "50 ದಿನ" ಅಂತ ದಪ್ಪಕ್ಷರದಲ್ಲಿತ್ತು. ಪಕ್ಕದಲ್ಲಿ ಇರುವೆ ಹರಿದ ಹಾಗೆ "ವರೆಗೆ" ಅಂತಲೂ ಇತ್ತಂತೆ. ಕನ್ನಡಕ ಹಾಕಿಕೊಂಡಿರಲಿಲ್ಲ.

ಇನ್ನು ಯಾವತ್ತು ತರುವುದು? ನನಗೆ ಬಿಡುವಿದ್ದದ್ದು ಮೇ 16, ಶುಕ್ರವಾರ. ಅಮ್ಮ ಪಂಚಾಂಗದಿಂದ ತಲೆ ಎತ್ತಲೇ ಇಲ್ಲ. "ಶುಕ್ರವಾರ ಮನೆಯಿಂದ ದುಡ್ಡು ಆಚೆ ಹೋಗಬಾರದು ಕಣೋ. ಲಕ್ಷ್ಮಿ ಹೊರಟು ಹೋಗ್ತಾಳೆ. ಬುಧವಾರ ತಗೊಂಬಾ, ಹನ್ನೆರಡರಿಂದ ಒಂದೂವರೆ ರಾಹುಕಾಲ, ಅದೊಂದು ಬಿಡು." ಸರಿ, 14ನೇ ತಾರೀಕು ಬುಧವಾರ ಹನ್ನೊಂದು ಗಂಟೆಗೆ ಅಂಗಡಿಯಲ್ಲಿದ್ದೆ.

ಅಂಗಡಿ ಹುಡುಗ, "ನೋ ಕಾಸ್ಟ್ ಇಎಂಐ ಮಾಡಿಸ್ಲಾ ಸರ್?" ಅಂದ. ನಾನು ಬಿಡುವವನಾ? ಶೇಕಡಾ ಸೊನ್ನೆ ಬಡ್ಡಿ ಅನ್ನುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕು 2013ರಲ್ಲೇ ಹೇಳಿದೆ, ಬಡ್ಡಿಯನ್ನು ನೀವು ಬೆಲೆಯಲ್ಲೋ ಡಿಸ್ಕೌಂಟಿನಲ್ಲೋ ಎಲ್ಲೋ ಅಡಗಿಸಿರ್ತೀರಿ, ಪ್ರೊಸೆಸಿಂಗ್ ಫೀ ಬೇರೆ, ಅಂತ ಹತ್ತು ನಿಮಿಷ ಪಾಠ ಮಾಡಿದೆ. ಹುಡುಗ ತಾಳಲಾರದೆ ಒಂದೇ ಸಲ ಕಟ್ಟುವುದಕ್ಕೆ 1,500 ಇಳಿಸಿಕೊಟ್ಟ. 32,000ಕ್ಕೆ ಕಾರ್ಡು ಉಜ್ಜಿ, ಮೀಸೆ ತಿರುವಿಕೊಂಡು ಬಂದೆ.

ಮಾರನೇ ದಿನವೇ ಮೆಸೇಜು. ನಿಮ್ಮ ಬಿಲ್ಲು ಸಿದ್ಧವಾಗಿದೆ, ಜೂನ್ 4ರೊಳಗೆ ಕಟ್ಟಿ.

ಐವತ್ತು ದಿನ ಎಲ್ಲಿ ಹೋಯಿತು? ಆಫೀಸಿನ ಅಕೌಂಟ್ಸ್ ಮೇಡಂ ಹತ್ತಿರ ಓಡಿದೆ. ಅವರು ಕ್ಯಾಲೆಂಡರ್ ಮೇಲೆ ಬೆರಳಿಟ್ಟು ತೋರಿಸಿದರು. ಬಿಲ್ಲು ಆಗುವುದು ಪ್ರತಿ ತಿಂಗಳು 15ಕ್ಕೆ. ಅಲ್ಲಿಂದ ಕಟ್ಟಲು 20 ದಿನ. 14ಕ್ಕೆ ಕೊಂಡವನಿಗೆ ಸಿಗುವುದು 21 ದಿನ. 16ಕ್ಕೆ ಕೊಂಡಿದ್ದರೆ ಅದು ಜೂನ್ 15ರ ಬಿಲ್ಲಿಗೆ ಬಿದ್ದು, ಜುಲೈ 5ರವರೆಗೆ ಸರಿಯಾಗಿ 50 ದಿನ. ಅಂದರೆ ಅಮ್ಮ ಬೇಡ ಅಂದ ಆ ಶುಕ್ರವಾರವೇ ಬ್ಯಾಂಕಿನ ಶುಭ ಮುಹೂರ್ತ. ಅವತ್ತು ತಂದಿದ್ದರೆ ಲಕ್ಷ್ಮಿ ಐವತ್ತು ದಿನ ಹೊಸಿಲು ದಾಟುತ್ತಿರಲಿಲ್ಲ!

ಜೂನ್ 4 ಬಂತು. ಚೀಟಿ ಬರಲು ಇನ್ನೂ ಹದಿನಾರು ದಿನ. ಬಿಲ್ಲಿನ ಮೂಲೆಯಲ್ಲಿ "ಕನಿಷ್ಠ ಮೊತ್ತ 1,600" ಅಂತ ಇತ್ತು. ಎಷ್ಟು ಒಳ್ಳೆಯ ಜನ, ಅಷ್ಟು ಕಟ್ಟಿದರೆ ಸಾಕಂತೆ ಅಂದುಕೊಂಡು ಕಟ್ಟಿದೆ. ಅದು ಲೇಟ್ ಫೀ ತಪ್ಪಿಸುತ್ತದೆ, ಬಡ್ಡಿ ತಪ್ಪಿಸುವುದಿಲ್ಲ. ಪೂರ್ತಿ ಕಟ್ಟದಿದ್ದರೆ ಬಡ್ಡಿ ಶುರುವಾಗುವುದು ಜೂನ್ 4ರಿಂದಲ್ಲ, ಫ್ರಿಜ್ಜು ಕೊಂಡ ದಿನದಿಂದ. ತಿಂಗಳಿಗೆ ಶೇಕಡಾ 3.5, ಅಂದರೆ ವರ್ಷಕ್ಕೆ 42. ನಮ್ಮ ಬೀದಿಯಲ್ಲಿ ಬಡ್ಡಿಗೆ ಕೊಡುವವರೊಬ್ಬರಿದ್ದಾರೆ, ಅವರು ಕೇಳೋದು ತಿಂಗಳಿಗೆ ಮೂರು. ಅವರನ್ನು ಕಂಡರೆ ನಾವೆಲ್ಲ ಆಚೆ ಬದಿಗೆ ದಾಟಿಬಿಡುತ್ತೇವೆ.

ಜೂನ್ 15ರ ಬಿಲ್ಲಿನಲ್ಲಿ ಫ್ರಿಜ್ಜಿನ ಲೆಕ್ಕಕ್ಕೆ 1,158 ರೂಪಾಯಿ ಬಡ್ಡಿ, ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ, ಅದೊಂದು 208. ಇಷ್ಟೇ ಆಗಿದ್ದರೆ ಸುಮ್ನೆ ಇರುತ್ತಿದ್ದೆ. ಹಳೇ ಬಾಕಿ ಇರುವಾಗ ಹೊಸ ಖರೀದಿಗೂ ಬಡ್ಡಿಯಿಲ್ಲದ ದಿನಗಳು ಇರುವುದಿಲ್ಲವಂತೆ. ನನ್ನ ಹೆಂಡತಿ ಫೋನಿನಲ್ಲಿ ತರಿಸಿದ ಕೊತ್ತಂಬರಿ ಸೊಪ್ಪಿಗೂ ಅವತ್ತಿನಿಂದಲೇ ಬಡ್ಡಿ. "ರೀ, ಸೊಪ್ಪು ಮೂರು ದಿನಕ್ಕೆ ಕೊಳೀತು, ಬಡ್ಡಿ ಮಾತ್ರ ಫ್ರೆಶ್ಶಾಗಿದೆ" ಅಂದಳು.

20ಕ್ಕೆ ಚೀಟಿ ದುಡ್ಡು ಬಂತು, ಪೂರ್ತಿ ಕಟ್ಟಿ ಕೈ ತೊಳೆದುಕೊಂಡೆ. ಜುಲೈ 15ಕ್ಕೆ ಇನ್ನೊಂದು 206 ರೂಪಾಯಿ ಬಂತು. 15ರಿಂದ 20ರವರೆಗಿನ ಬಾಲ! ಎಲ್ಲ ಕೂಡಿಸಿದರೆ 1,572. ಅಂಗಡಿ ಹುಡುಗ ಬಿಟ್ಟುಕೊಟ್ಟ 1,500 ಹೋಗಿ, ಮೇಲೆ 72 ರೂಪಾಯಿ ಕೈಯಿಂದ. ಅವನಿಗೆ ಮಾಡಿದ ಪಾಠದ ಫೀಸನ್ನು ನಾನೇ ಕಟ್ಟಿದ ಹಾಗಾಯಿತು.

ಬಿಲ್ಲಿನ ತಾರೀಕನ್ನು ಬದಲಿಸಿಕೊಳ್ಳಲು ಕನಿಷ್ಠ ಒಂದು ಸಲವಾದರೂ ಅವಕಾಶ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ ಅಂತ ಮೇಡಂ ಹೇಳಿದರು. ಮೊನ್ನೆ ಬ್ಯಾಂಕಿಗೆ ಫೋನ್ ಮಾಡಿದೆ. ಹಾಡು ಕೇಳಿಸಿಕೊಂಡು ಇಪ್ಪತ್ತು ನಿಮಿಷ ಕೂತ ಮೇಲೆ ಒಂದು ಹುಡುಗಿ ಸಿಕ್ಕಿ, "ಯಾವ ಡೇಟ್ ಬೇಕು ಸರ್?" ಅಂದಳು.

ಸ್ಪೀಕರ್ ಆನ್ ಇತ್ತು. ಅಡುಗೆ ಮನೆಯಿಂದ ಅಮ್ಮ ಕೂಗಿದಳು, "ಒಂದು ನಿಮಿಷ ಇರೋಕೆ ಹೇಳೋ, ಪಂಚಾಂಗ ತರ್ತೀನಿ."