ಪುಸ್ತಕ ಒದುವುದು

ಮೊನ್ನೆ ನಮ್ಮ ಆಫೀಸಿಗೆ ಮತ್ತೆ ಬಂತು ನೋಡ್ರಿ ಆ ಫಾರ್ಮು. ‘ತಮ್ಮಲ್ಲಿ ಅಡಗಿರುವ ಕೌಶಲ್ಯ ನಮೂದಿಸಿ, ಸಂಜೆ ಐದರೊಳಗೆ.’ ಕಲಬುರಗಿಯ ಮೇ ತಿಂಗಳಲ್ಲಿ, ಫ್ಯಾನು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿರುವಾಗ, ಅಡಗಿದ್ದು ಯಾವುದು ಹೊರಗೆ ಬಂದೀತು? ಮೊದಲು ತುಂಬಿದವರದ್ದನ್ನು ಉಳಿದವರು ಇಳಿಸಿಕೊಂಡರು. ಆ ಪುಣ್ಯಾತ್ಮರು ಅವಸರದಲ್ಲಿ ದೀರ್ಘ ಬಿಟ್ಟಿದ್ದರು. ಇಪ್ಪತ್ತಾರೂ ಮಂದಿಯ ಹವ್ಯಾಸ: ‘ಪುಸ್ತಕ ಒದುವುದು’. ಸಾಹೇಬರು ಇಪ್ಪತ್ತಾರಕ್ಕೂ ಸಹಿ ಹಾಕಿದರು.

ಅದೇ ವಾರ ಟೇಬಲ್ಲಿಗೆ ಒಂದು ಹಳೇ ಖಾಸ್ರಾ ಪಹಣಿಯ (ಹೊಲದ ದಾಖಲೆಯ) ಝೆರಾಕ್ಸ್ ಬಂತು, ಪೂರಾ ಉರ್ದು. 1956ಕ್ಕಿಂತ ಮೊದಲು ನಮ್ಮದು ಹೈದರಾಬಾದ್ ರಾಜ್ಯ. ಆ ಕಾಲದ ಕಾಗದ ಈ ಕಡೆ ಯಾರ ಮನೆಯ ಟ್ರಂಕಿನಲ್ಲೂ ಸಿಗುತ್ತದೆ. ಸಾಹೇಬರು ಫೋಟೋ ಹೊಡೆದು ಹೈದರಾಬಾದಿನ ಪರಿಚಯದವರಿಗೆ ವಾಟ್ಸಾಪ್ ಮಾಡಿ ಎಂಟು ದಿನ ಕಾದರು. ಒಂಬತ್ತನೇ ದಿನ ಚಾ ಇಡಲು ಬಂದ ಜವಾನ ಕಾಕಾ ನಿಂತಲ್ಲಿಂದಲೇ ತಲೆಕೆಳಗಾಗಿ ಓದಿದರು: “ಇದು ಎರಡಲ್ರೀ ಸಾಹೇಬ್ರ, ಮೂರು. ಒಂದು ಹಲ್ಲು ಅಳಿಸ್ಯದ.”

ಉರ್ದುವಿನ 2ಕ್ಕೂ 3ಕ್ಕೂ ಇರುವುದು ಒಂದು ಹಲ್ಲಿನ ವ್ಯತ್ಯಾಸ. ಅಷ್ಟರಲ್ಲಿ ಸರ್ವೆ ನಂಬರು ಪಕ್ಕದವನ ಹೊಲಕ್ಕೆ ಹೋಗಿರುತ್ತದೆ. ನುಕ್ತೆಯದ್ದು, ಅಂದರೆ ಅಕ್ಷರದ ಚುಕ್ಕಿಯದ್ದು, ಇನ್ನೂ ತಕರಾರು: ಕೆಳಗೆ ಒಂದಿದ್ದರೆ ಬ, ಮೂರಿದ್ದರೆ ಪ, ಮೇಲೆ ಒಂದಿದ್ದರೆ ನ, ಎರಡಿದ್ದರೆ ತ. ಝೆರಾಕ್ಸಿನಲ್ಲಿ ಮೊದಲು ಹಾರಿಹೋಗುವುದೇ ನುಕ್ತೆ. ಫಸಲಿ ಇಸವಿ, ಅಂದರೆ ನಿಜಾಮರ ಕಾಲದ ಕಂದಾಯ ವರ್ಷ, ಕಂಡರೆ 590 ಕೂಡಿಸಬೇಕು; 1357 ಅಂದರೆ 1947ರಲ್ಲಿ ಶುರುವಾದ ವರ್ಷ. ಕಾಕಾ ಇದನ್ನೆಲ್ಲ ಚಾ ಆರುವುದರೊಳಗೆ ಹೇಳಿ ಮುಗಿಸಿದರು.

“ಫಾರ್ಮಿನಾಗ ಯಾಕ ಬರದಿಲ್ರಿ?”

“ನಮಗ ಫಾರ್ಮೇ ಕೊಟ್ಟಿಲ್ರೀ ಸಾಹೇಬ್ರ.”

ಯಾರಿಗೆ ಏನು ಬರುತ್ತದೆ ಎಂದು ತಿಳಿಯಲು ಫಾರ್ಮು ಬೇಡ್ರಿ. ‘ನಿಮಗೇನು ಬರ್ತದ’ ಅಂತ ಕೇಳಿದರೆ ಎಲ್ಲರೂ ‘ಏನಿಲ್ರಿ’ ಅಂತಾರೆ. ‘ಕೆಲಸ ಸಿಕ್ಕಿಹಾಕಿಕೊಂಡಾಗ ಯಾರ ಹತ್ರ ಹೋಗ್ತೀರಿ’ ಅಂತ ಒಬ್ಬೊಬ್ಬರನ್ನೇ ಕೇಳಬೇಕು. ಮೂವರ ಬಾಯಲ್ಲಿ ಒಂದೇ ಹೆಸರು ಬಂತೋ, ಅವರ ಮುಂದೆ ಖರೇ ಕಾಗದವನ್ನೇ ಇಟ್ಟು ನೋಡಬೇಕು. ಬಂದರೆ ಹಳೇ ಕೆಲಸದಲ್ಲಿ ಒಂದನ್ನು ಅವರ ತಲೆಯಿಂದ ಇಳಿಸಬೇಕು. ಸಾಹೇಬರುಗಳು ತಪ್ಪುವುದು ಇಲ್ಲಿಯೇ. ಪ್ರಿಂಟರಿನಲ್ಲಿ ಸಿಕ್ಕ ಹಾಳೆ ಒಮ್ಮೆ ತೆಗೆದುಕೊಟ್ಟವರು ನಿವೃತ್ತಿಯ ತನಕ ತೆಗೆಯುತ್ತಲೇ ಇರುತ್ತಾರೆ.

ಕಾಕಾಗೆ ಅಕ್ಷರ ಹಾಕಿಕೊಟ್ಟದ್ದು ಅವರಪ್ಪ, ಮನೆ ಕಟ್ಟೆಯ ಮೇಲೆ ಸುಣ್ಣದ ಕಡ್ಡಿಯಿಂದ. ಮಕ್ಕಳಿಗೆ ಕಲಿಸಿಲ್ಲ. ಬರುವ ವರ್ಷ ಅವರ ನಿವೃತ್ತಿ.

ಈಗ ದಿನಾ ಅವರ ಸ್ಟೂಲಿನ ಮುಂದೆ ಮೂರು ಫೈಲು, ಕೈಯಲ್ಲಿ ಅದೇ ಚಾದ ಟ್ರೇ. ನಿನ್ನೆ ತಿದ್ದಿದ ಫಾರ್ಮು ಬಂತು, ಹೊಸ ಕಾಲಂ ಸಮೇತ: ‘ಉರ್ದು ಬರುತ್ತದೆಯೇ?’ ಈ ಸಲ ಕಾಕಾಗೂ ಒಂದು ಕೊಟ್ಟರು. ಅವರು ಪೆನ್ನು ಇಸ್ಕೊಂಡು ದುಂಡಗೆ ‘ಇಲ್ಲ’ ಎಂದು ಬರೆದರು. ಹವ್ಯಾಸದ ಮುಂದೆ ‘ಪುಸ್ತಕ ಒದುವುದು’.