ಹಳೇ ರೈಜೆನ್ ಜೊತೆ ಮೂರು ತಿಂಗಳ ಜಗ್ಗಾಟ

ನನ್ನ ಕಂಪ್ಯೂಟರಿನಲ್ಲಿ ಇದ್ದದ್ದು ಎಎಂಡಿ ಕಂಪನಿಯ ರೈಜೆನ್ 5 1600 ಪ್ರೊಸೆಸರ್, ಅಂದರೆ ಸಿಪಿಯು. 2017ರ ಚಿಪ್. ಆರು ಕೋರ್ (ಲೆಕ್ಕ ಮಾಡುವ ಘಟಕ), ಹನ್ನೆರಡು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು). ಆಗ ಅದನ್ನು ಹಾಕಿಕೊಂಡು ನಾನು ಮೆರೆದದ್ದು ಅಷ್ಟಿಷ್ಟಲ್ಲ, ಯಾಕಂದ್ರೆ ಅದೇ ವರ್ಷ ಜನವರಿಯಲ್ಲಿ ಬಂದಿದ್ದ ಇಂಟೆಲ್‌ನ ಐ7-7700ಕೆ ಎಂಬ ದೊಡ್ಡಣ್ಣನಿಗೂ ನಾಲ್ಕೇ ಕೋರ್. ಆಮೇಲೆ ಗ್ರಾಫಿಕ್ಸ್ ಕಾರ್ಡ್ ಬದಲಿಸಿ ಆರ್‌ಟಿಎಕ್ಸ್ 3060 ಹಾಕಿದೆ. ಇನ್ನು ನಾಲ್ಕು ವರ್ಷ ಯೋಚನೆಯಿಲ್ಲ ಅಂದುಕೊಂಡೆ.

ಆದರೆ ಆಟದಲ್ಲಿ ಕಾರು ಓಡಿಸಿಕೊಂಡು ಹೋಗಿ ಜನಜಂಗುಳಿ ಇರುವ ಸರ್ಕಲ್ಲಿನಲ್ಲಿ ತಿರುಗಿದ ಕೂಡಲೇ ಚಿತ್ರ ಒಂದು ಕ್ಷಣ ಗಕ್ಕನೆ ನಿಲ್ಲುತ್ತಿತ್ತು, ಮತ್ತೆ ಎರಡು ಸಲ ಜರ್ಕ್ ಹೊಡೆಯುತ್ತಿತ್ತು, ಆಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡುತ್ತಿತ್ತು. ಮೂಲೆಯಲ್ಲಿ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ (ಫ್ರೇಮ್‌ಗಳ) ಲೆಕ್ಕ, ನೋಡಿದರೆ 70. ಎಪ್ಪತ್ತು ಇದ್ದೂ ಹೀಗ್ಯಾಕೆ?

ಆ ಎಪ್ಪತ್ತನ್ನು ನಂಬಿಯೇ ನಾನು ಕೆಟ್ಟಿದ್ದು. ಅದು ಸರಾಸರಿ. 60 ಎಫ್‌ಪಿಎಸ್ ಅಂದರೆ ಒಂದೊಂದು ಫ್ರೇಮ್‌ಗೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್. ಬಹುಪಾಲು ಫ್ರೇಮ್‌ಗಳು ಹೊತ್ತಿಗೆ ಸರಿಯಾಗಿ ಬಂದು ಒಂದೇ ಒಂದು 100 ಮಿಲಿಸೆಕೆಂಡ್ ತೆಗೆದುಕೊಂಡರೂ ಸರಾಸರಿ ಅಷ್ಟೇನೂ ಬೀಳಲ್ಲ. ಕಣ್ಣಿಗೆ ಮಾತ್ರ ಗೊತ್ತಾಗುತ್ತದೆ. ಅದಕ್ಕೇ ವಿಷಯ ಗೊತ್ತಿರುವವರು 1% ಲೋ ನೋಡಿ ಅನ್ನುವುದು. ಫ್ರೇಮ್‌ಗಳಲ್ಲಿ ತೀರಾ ನಿಧಾನವಾದ ನೂರಕ್ಕೊಂದು ಪಾಲು ಎಷ್ಟರಲ್ಲಿ ಓಡುತ್ತಿದೆ ಅನ್ನೋ ಲೆಕ್ಕ ಅದು. ನನ್ನದು 31.

ಇದನ್ನು ಗೆಳೆಯರ ಮುಂದೆ ಹೇಳಿದ್ದೇ ತಡ, "ಏಯ್, ಆ ಡಬ್ಬಾನೇ ಬಿಸಾಕಿ ಹೊಸದು ತಗೊಳೋ" ಅಂತ ಶುರು. ಹೊಸ ಚಿಪ್ ಅಂದರೆ ಎಎಂ5 ಸಾಕೆಟ್ (ಬೋರ್ಡಿನಲ್ಲಿ ಚಿಪ್ ಕೂರುವ ಜಾಗ). ಹಾಗಾಗಿ ಹೊಸ ಮದರ್‌ಬೋರ್ಡ್. ಅದಕ್ಕೆ ಡಿಡಿಆರ್5 ಮಾತ್ರ ಕೂರುವುದು, ಹಾಗಾಗಿ ಮೆಮೊರಿಯೂ ಹೊಸದು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ. ಇನ್ನೊಬ್ಬ, ಚಿಪ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಹೆಸರು ಕೊಟ್ಟರೆ ಇಷ್ಟು ಪರ್ಸೆಂಟ್ ಬಾಟಲ್‌ನೆಕ್ (ಒಂದು ಇನ್ನೊಂದನ್ನು ತಡೆಯುವುದು) ಅಂತ ಹೇಳುವ ವೆಬ್‌ಸೈಟ್ ಇರುತ್ತಲ್ಲ, ಅಂಥದ್ದರ ಲೆಕ್ಕ ಕಳಿಸಿದ. ಅದನ್ನು ನಾನು ನಂಬಲ್ಲ. ಯಾವ ಆಟ, ಎಷ್ಟು ರೆಸಲ್ಯೂಷನ್, ಯಾವ ಸೆಟ್ಟಿಂಗ್ ಅಂತ ಕೇಳದೆ ಒಂದು ನಂಬರ್ ಕೊಡುವುದು ಗಿಳಿಶಾಸ್ತ್ರ ಅಷ್ಟೇ.

ಸಿಪಿಯು ಇಟ್ಟಿಗೆ ಎತ್ತಿಕೊಡುವವನು, ಜಿಪಿಯು (ಗ್ರಾಫಿಕ್ಸ್ ಕಾರ್ಡು) ಗೋಡೆ ಕಟ್ಟುವವನು ಅಂತ ಇಟ್ಟುಕೊಳ್ಳಿ. ಯಾರು ಯಾರಿಗಾಗಿ ಕಾಯುತ್ತಾ ನಿಂತಿದ್ದಾರೆ ಅಂತ ನೋಡಿದರೆ ಸಾಕು. ಆಟದ ರೆಸಲ್ಯೂಷನ್ ಇಳಿಸಿ ಅದೇ ಜಾಗದಲ್ಲಿ ಓಡಾಡಿ. ಗೋಡೆ ಕಟ್ಟುವವನ ಕೆಲಸ ಹಗುರಾಯ್ತು. ಎಫ್‌ಪಿಎಸ್ ಜಿಗಿದರೆ ತೊಂದರೆ ಗ್ರಾಫಿಕ್ಸ್ ಕಾರ್ಡಿನದು, ಚಿಪ್ ಬದಲಿಸಿ ಹೆಚ್ಚು ಪ್ರಯೋಜನವಿಲ್ಲ. ಅಲ್ಲಾಡದೆ ಅಲ್ಲೇ ಇದ್ದರೆ ಇಟ್ಟಿಗೆಯವನೇ ಸುಸ್ತು. ನಾನು 1440ಪಿಯಿಂದ 720ಪಿಗೆ ಇಳಿಸಿದೆ. ಆ ಸರ್ಕಲ್ಲಿನಲ್ಲಿ ಎರಡೇ ಎರಡು ಎಫ್‌ಪಿಎಸ್ ಏರಿತು. ಜಿಪಿಯು ಬಳಕೆ 50ರ ಆಸುಪಾಸಿನಲ್ಲಿ ತೂಕಡಿಸುತ್ತಿತ್ತು.

ಒಂದು ಎಚ್ಚರಿಕೆ. ಸಿಪಿಯು ಬಳಕೆ 45% ಅಂತ ತೋರಿಸಿದರೆ ಚಿಪ್ ಆರಾಮಾಗಿದೆ ಅಂದುಕೊಳ್ಳಬೇಡಿ. ಹನ್ನೆರಡು ಥ್ರೆಡ್‌ನಲ್ಲಿ ಒಂದು ಪೂರ್ತಿ ಬೆವರು ಸುರಿಸುತ್ತಿದ್ದರೂ ಒಟ್ಟು ಲೆಕ್ಕಕ್ಕೆ ಸೇರುವುದು 8% ಅಷ್ಟೇ. ಎಷ್ಟೋ ಆಟಗಳಲ್ಲಿ ಮುಖ್ಯ ಕೆಲಸವೆಲ್ಲ ಒಂದೆರಡು ಥ್ರೆಡ್‌ಗಳ ತಲೆ ಮೇಲೇ ಇರುತ್ತದೆ.

ಸರಿ, ಚಿಪ್ಪೇ ಕಳ್ಳ ಅಂತ ಗೊತ್ತಾಯ್ತು. ಆದರೂ ದುಡ್ಡು ಬಿಚ್ಚುವ ಮೊದಲು ಸುಮ್ನೆ ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿಯ ವೇಗ ನೋಡಿದೆ. 2133! ನಾನು ತಂದಿದ್ದು 3200ರ ಕಡ್ಡಿಗಳು. ಬಯಾಸ್‌ನಲ್ಲಿ (ಬೋರ್ಡಿನ ಮೂಲ ತಂತ್ರಾಂಶ) ಎಕ್ಸ್‌ಎಂಪಿ, ಅಂದರೆ ಮೆಮೊರಿಯನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಸೆಟ್ಟಿಂಗ್, ಆನ್ ಮಾಡಿರಲೇ ಇಲ್ಲ. ಇಷ್ಟು ವರ್ಷ! ನಗುವುದೋ ಅಳುವುದೋ ಗೊತ್ತಾಗಲಿಲ್ಲ. ಮೊದಲ ತಲೆಮಾರಿನ ರೈಜೆನ್‌ನಲ್ಲಿ ಇದು ಸಣ್ಣ ವಿಷಯ ಅಲ್ಲ, ಯಾಕಂದ್ರೆ ಚಿಪ್ಪಿನೊಳಗೆ ಕೋರ್‌ಗಳ ಎರಡು ಗುಂಪುಗಳ ನಡುವಿನ ದಾರಿಯ ವೇಗ ಮೆಮೊರಿ ವೇಗಕ್ಕೆ ಕಟ್ಟಿಕೊಂಡಿರುತ್ತದೆ. 3200ಕ್ಕೆ ಇಟ್ಟರೆ ಬೂಟ್ ಆಗಲಿಲ್ಲ, 2933ಕ್ಕೆ ಒಪ್ಪಿಕೊಂಡಿತು. 1% ಲೋ 31ರಿಂದ 38ಕ್ಕೆ ಬಂತು. ಒಂದು ಪೈಸೆ ಖರ್ಚಿಲ್ಲದೆ. ದಯವಿಟ್ಟು ನಿಮ್ಮದನ್ನೂ ಇವತ್ತೇ ನೋಡಿ.

ಅದಾದ ಮೇಲೆ ಎರಡು ತಿಂಗಳು ತೆಪ್ಪಗಿದ್ದೆ. 38 ಅಂದರೂ ಜರ್ಕ್ ಜರ್ಕೇ. ಹಳೇ ಆಟಗಳೆಲ್ಲ ಚೆನ್ನಾಗೇ ಓಡುತ್ತಿದ್ದವು, ಹೊಸವೇ ತಕರಾರು. ಅದಕ್ಕೂ ಕಾರಣ ಇದೆ. 2013ರ ಪ್ಲೇಸ್ಟೇಷನ್ ಕನ್ಸೋಲ್ ಪಿಎಸ್4ನಲ್ಲಿ ಎಂಟು ಕೋರ್ ಇದ್ದರೂ ಅವು ಬಡಕಲು ಕೋರ್‌ಗಳು. ಅದರಲ್ಲಿ ಓಡಬೇಕು ಅಂತ ಕಟ್ಟಿದ ಆಟಗಳು ನಮ್ಮ ಚಿಪ್‌ಗಳಿಗೆ ಲೀಲಾಜಾಲ. 2020ರಲ್ಲಿ ಬಂದ ಪಿಎಸ್5ನಲ್ಲಿ ಇರುವುದು ಎಂಟು ಜೆನ್ 2 ಕೋರ್ (ಜೆನ್ ಅಂದರೆ ಎಎಂಡಿಯ ಕೋರ್ ವಿನ್ಯಾಸದ ಹೆಸರು). ನನ್ನ 1600 ಮೊದಲನೇ ಜೆನ್. ಈಗಿನ ಆಟಗಳು ಆ ಹೊಸ ಕೋರ್‌ಗಳಿಗೆ ತಕ್ಕ ಹಾಗೆ ಕೆಲಸ ಕೊಡುತ್ತವೆ. ಸಾಲದ್ದಕ್ಕೆ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11ರ ಪಟ್ಟಿಯಲ್ಲಿ 1600 ಇಲ್ಲ. ಅಲ್ಲಿಗೆ ನನ್ನ ಮನಸ್ಸು ವಾಲಿತು.

ಆದರೆ ಚಿಪ್ ಒಂದನ್ನೇ ಬದಲಿಸುವುದು ಅಂತ ಗಟ್ಟಿ ಮಾಡಿಕೊಂಡೆ. ನನ್ನದು ಎಎಂ4 ಸಾಕೆಟ್‌ನ ಬಿ350 ಬೋರ್ಡ್. 2022ರಲ್ಲಿ ಈ ಹಳೇ ಬೋರ್ಡ್‌ಗಳಿಗೂ ರೈಜೆನ್ 5000 ಸರಣಿ ಹಾಕಲು ಎಎಂಡಿ ಒಪ್ಪಿಗೆ ಕೊಟ್ಟಿತ್ತು. ಐದು ವರ್ಷದ ಹಿಂದಿನ ಬೋರ್ಡಿಗೆ! ಇಂಟೆಲ್‌ನವರಿಗೆ ಈ ಭಾಗ್ಯ ಇಲ್ಲ ನೋಡಿ. 7700ಕೆ ಕೂರುವ ಸಾಕೆಟ್ ಹೆಸರೂ 1151, ಅದೇ ವರ್ಷ ಬಂದ ಎಂಟನೇ ತಲೆಮಾರಿನ ಚಿಪ್ ಕೂರುವ ಸಾಕೆಟ್ ಹೆಸರೂ 1151, ಆದರೂ ಹಳೇ ಬೋರ್ಡಿನಲ್ಲಿ ಹೊಸದು ನಡೆಯಲ್ಲ. ನಿಮ್ಮದು ಅಂಥ ಯಂತ್ರವಾದರೆ ನನ್ನ ಲೆಕ್ಕ ನಿಮಗೆ ಹೊಂದಲ್ಲ. ಹಳೇ ಸಾಕೆಟ್ಟಿಗೇ ಇನ್ನೊಂದು ಚಿಪ್ ಹುಡುಕುತ್ತಾ ಕೂರುವ ಬದಲು ಕಾದು ಬೋರ್ಡ್ ಸಮೇತ ಬದಲಿಸುವುದೇ ವಾಸಿ.

ಆ ಸರಣಿಯ 5800ಎಕ್ಸ್3ಡಿ ಮೇಲೂ ಕಣ್ಣಿತ್ತು, ಸುಳ್ಳು ಯಾಕೆ ಹೇಳಲಿ. 96 ಎಂಬಿ ಎಲ್3 ಕ್ಯಾಶ್ (ಚಿಪ್ಪಿನೊಳಗಿನ ವೇಗದ ಮೆಮೊರಿ)! ಆದರೆ ನನ್ನ ಮಾನಿಟರ್ ಸೆಕೆಂಡಿಗೆ 75 ಚಿತ್ರ ತೋರಿಸುವ 75 ಹರ್ಟ್ಸ್‌ನದು, ಕಾರ್ಡು 3060. ಅದನ್ನು ಹಾಕಿ ಏನು ಮಾಡಲಿ? ಸಾಧಾರಣ 5600 ತಂದೆ. ಇದೂ ಆರು ಕೋರ್, ಹನ್ನೆರಡು ಥ್ರೆಡ್, ಇದೂ 65 ವ್ಯಾಟ್, ಹಾಗಾಗಿ ಪವರ್ ಸಪ್ಲೈ ಮುಟ್ಟಬೇಕಿಲ್ಲ. "ಆರು ಕೊಟ್ಟು ಆರು ತಗೊಂಡ್ಯಲ್ಲೋ" ಅಂತ ಒಬ್ಬ ನಕ್ಕ. ಕೋರ್ ಎಣಿಸುವವರು ಒಳಗೆ ನೋಡಲ್ಲ. 1600ರಲ್ಲಿ ಮೂರು ಮೂರು ಕೋರ್‌ಗಳ ಎರಡು ಗುಂಪು, ಒಂದೊಂದಕ್ಕೆ 8 ಎಂಬಿ ಎಲ್3. ಪಕ್ಕದ ಗುಂಪಿನಲ್ಲಿರುವುದು ಬೇಕಾದರೆ ಆ ನಿಧಾನದ ದಾರಿ ಹಿಡಿಯಬೇಕು. 5600ರಲ್ಲಿ ಆರೂ ಕೋರ್ ಒಂದೇ ಗುಂಪು, ಎಲ್ಲರಿಗೂ ಸೇರಿ 32 ಎಂಬಿ. ಮೇಲಿಂದ 3.6 ಇದ್ದ ಬೂಸ್ಟ್ (ಗರಿಷ್ಠ ವೇಗ) 4.4 ಗಿಗಾಹರ್ಟ್ಸ್‌ಗೆ ಬಂತು.

ಹಳೇ ಚಿಪ್ ಇರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಹೊಸದು ಹಾಕಿದ ಮೇಲೆ ಕಪ್ಪು ಪರದೆ ನೋಡುತ್ತಾ ಕೂರಬೇಕಾಗುತ್ತದೆ. ಅದನ್ನು ಮಾಡಿದೆ. ಪಟ್ಟಿ ಏರುವ ಆ ನಾಲ್ಕು ನಿಮಿಷ ಕರೆಂಟ್ ಹೋಗದಿರಲಿ ಅಂತ ಉಸಿರು ಬಿಗಿಹಿಡಿದು ಕೂತಿದ್ದೆ.

ಎಡವಟ್ಟಾಗಿದ್ದು ಆಮೇಲೆ. ಎಎಂ4ನಲ್ಲಿ ಪಿನ್‌ಗಳು ಇರುವುದು ಚಿಪ್ಪಿನ ಅಡಿಯಲ್ಲಿ, 1331. ಕೂಲರ್ ತೆಗೆಯುವ ಮೊದಲು ಹತ್ತು ನಿಮಿಷ ಆಟ ಓಡಿಸಿ ಚಿಪ್ಪಿಗೂ ಕೂಲರಿಗೂ ನಡುವಿನ ಪೇಸ್ಟ್ ಬಿಸಿ ಮಾಡಿಕೊಳ್ಳಬೇಕು, ಆಮೇಲೆ ಆಫ್ ಮಾಡಿ ಕೂಲರನ್ನು ಆಚೀಚೆ ತಿರುಗಿಸಿ ಬಿಡಿಸಬೇಕು. ಇದು ನನಗೆ ಗೊತ್ತಿತ್ತು. ಆದರೂ ರಾತ್ರಿಯಿಡೀ ಆಫ್ ಆಗಿದ್ದ ಯಂತ್ರದ ಕೂಲರನ್ನು ಬೆಳಿಗ್ಗೆ ನೆಟ್ಟಗೆ ಮೇಲಕ್ಕೆ ಎಳೆದೆ. ಟಕ್ ಅಂತ ಸದ್ದು. ಸಾಕೆಟ್ಟಿನ ಲಿವರ್ ಇನ್ನೂ ಲಾಕ್ ಆಗೇ ಇದೆ, ಚಿಪ್ ಮಾತ್ರ ಒಣಗಿದ ಪೇಸ್ಟಿಗೆ ಅಂಟಿಕೊಂಡು ಕೂಲರಿನ ತಳದಲ್ಲಿ ನೇತಾಡುತ್ತಿದೆ. ಜೀವ ಬಾಯಿಗೆ ಬಂತು. ಸಾಕೆಟ್ಟಿಗೆ ಏನೂ ಆಗಿರಲಿಲ್ಲ, ಪುಣ್ಯ. ಹಳೇ ಚಿಪ್ಪಿನ ಒಂದು ಮೂಲೆಯಲ್ಲಿ ಐದು ಪಿನ್ ಬಾಗಿದ್ದವು.

ಈಗ ಅದೇ ಸರ್ಕಲ್ಲಿನಲ್ಲಿ 1% ಲೋ 61. ಮೆಮೊರಿ 3200ಕ್ಕೂ ಒಪ್ಪಿತು. ಜಿಪಿಯು 97% ಬಳಕೆಯಲ್ಲಿ ಫ್ಯಾನ್ ಗುಯ್‌ಗುಟ್ಟಿಸುತ್ತಿದೆ, ಅದರ ಸುದ್ದಿಗೆ ಸದ್ಯಕ್ಕೆ ನಾನು ಹೋಗಲ್ಲ.

ಲೀಡ್ ತೆಗೆದ ಮೈಕ್ರೋಟಿಪ್ ಪೆನ್ಸಿಲ್‌ನ ತುದಿಯಲ್ಲಿ ನಾಲ್ಕು ಪಿನ್ ನೆಟ್ಟಗೆ ಮಾಡಿದ್ದೇನೆ. ಐದನೆಯದು ಇನ್ನೂ ಒಂಚೂರು ವಾಲಿಕೊಂಡೇ ಇದೆ. ಈ ಕೆಲಸ ಮಾಡಿ ಅಭ್ಯಾಸ ಇರುವವರು ಕಾಮೆಂಟಿನಲ್ಲಿ ಹೇಳಿ, ಅದನ್ನು ಇನ್ನೊಂದು ಸಲ ಮುಟ್ಟಲಾ, ಇದ್ದ ಹಾಗೇ ಸಾಕೆಟ್ಟಿಗೆ ಇಳಿಸಿ ನೋಡಲಾ?